ಪಿಎಲ್‌ಸಿ: ಆದೇಶ ಸರಿ, ಆಪರೆಂಡ್ ತಪ್ಪಿದರೆ?

ಕಾರ್ಖಾನೆಯೊಳಗೆ ಕಾಲಿಟ್ಟವರ ಕಣ್ಣನ್ನು ಮೊದಲು ಸೆಳೆಯುವುದು ಓಡುವ ಬೆಲ್ಟುಗಳು, ಏರಿಳಿಯುವ ಪ್ರೆಸ್ಸುಗಳು, ಸಾಲುಗಟ್ಟಿ ಬಂದು ತುಂಬಿಸಿಕೊಂಡು ಮುಂದೆ ಸಾಗುವ ಬಾಟಲಿಗಳು. ಇವೆಲ್ಲವನ್ನೂ ನಡೆಸುವ ಮಿದುಳು ಮಾತ್ರ ಗೋಡೆಯ ಪಕ್ಕದ ಉಕ್ಕಿನ ಪ್ಯಾನೆಲ್‌ನೊಳಗೆ, ತಂತಿಗಳ ನಡುವೆ, ಸಣ್ಣ ದೀಪಗಳನ್ನು ಮಿನುಗಿಸುತ್ತ ಕುಳಿತಿರುತ್ತದೆ. ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್ ಎಂಬ ಉದ್ದ ಹೆಸರಿನ ಈ ಪೆಟ್ಟಿಗೆಯನ್ನು ಕಾರ್ಮಿಕರಿಂದ ಹಿಡಿದು ಎಂಜಿನಿಯರುಗಳವರೆಗೆ ಎಲ್ಲರೂ ಪಿಎಲ್‌ಸಿ ಎಂದೇ ಕರೆಯುತ್ತಾರೆ. ಪೀಣ್ಯದ ಯಂತ್ರಶಾಲೆಗಳಿರಲಿ, ಸಕ್ಕರೆ ಕಾರ್ಖಾನೆಯಿರಲಿ, ನಗರಕ್ಕೆ ಕುಡಿಯುವ ನೀರು ಎತ್ತಿ ಕಳಿಸುವ ಪಂಪ್‌ಹೌಸ್ ಇರಲಿ, ಇಂದು ಇದು ಇಲ್ಲದ ಜಾಗ ಅಪರೂಪ.

ಈ ಪೆಟ್ಟಿಗೆಗೆ ಕೆಲಸ ಹೇಳುವ ಭಾಷೆ ಮೇಲ್ನೋಟಕ್ಕೆ ಬಹಳ ಸರಳ. ಬೆರಳೆಣಿಕೆಯಷ್ಟು ಆದೇಶಗಳನ್ನು ಕಲಿತವನೂ ಒಂದು ಮೋಟಾರನ್ನು ಓಡಿಸಿ ನಿಲ್ಲಿಸಬಲ್ಲ. ಆದರೆ ಯಂತ್ರಗಳು ತಪ್ಪಾಗಿ ನಡೆದುಕೊಂಡಾಗ ಕಾರಣವನ್ನು ಹುಡುಕಿ ಹೋದರೆ, ತಪ್ಪು ಆದೇಶದಲ್ಲಿರುವುದು ಕಡಿಮೆ. ಆದೇಶದ ಪಕ್ಕದಲ್ಲಿ ಬರೆದ ಒಂದು ಪುಟ್ಟ ವಿಳಾಸದಲ್ಲಿ ಅಥವಾ ಸಂಖ್ಯೆಯಲ್ಲಿ ಅದು ಅಡಗಿರುತ್ತದೆ. ಆ ವಿಳಾಸ ಅಥವಾ ಸಂಖ್ಯೆಗೇ ಆಪರೆಂಡ್ ಎಂದು ಹೆಸರು.

ಕ್ರಿಯಾಪದ ಮತ್ತು ಕರ್ಮಪದ

ಶಾಲೆಯಲ್ಲಿ ಕಲಿತ ಕನ್ನಡ ವ್ಯಾಕರಣವನ್ನು ನೆನಪಿಸಿಕೊಂಡರೆ ವಿಷಯ ಸುಲಭವಾಗಿ ತಿಳಿಯುತ್ತದೆ. 'ಸುರಿ' ಎಂಬುದು ಸಕರ್ಮಕ ಧಾತು. ಸುರಿ ಎಂದಷ್ಟೇ ಹೇಳಿದರೆ ಕೇಳಿದವನು ಸುಮ್ಮನೆ ನಿಲ್ಲುತ್ತಾನೆ. ಏನನ್ನು, ಯಾವುದರಿಂದ, ಯಾವುದಕ್ಕೆ ಎಂಬುದು ವಿಭಕ್ತಿ ಸಹಿತವಾಗಿ ಬಂದಾಗಲೇ ಮಾತು ಪೂರ್ಣವಾಗುತ್ತದೆ. ಪಿಎಲ್‌ಸಿಯಲ್ಲಿಯೂ 'ಮೂವ್' ಎಂಬ ಆದೇಶಕ್ಕೆ ಮೂಲ ಬೇಕು, ಗಮ್ಯ ಬೇಕು. 'ಕೂಡಿಸು' ಎಂಬುದಕ್ಕೆ ಎರಡು ಮೂಲಗಳು, ಒಂದು ಗಮ್ಯ. ಟೈಮರ್‌ಗೆ ತನ್ನದೊಂದು ಸಂಖ್ಯೆ ಮತ್ತು ಕಾಯಬೇಕಾದ ಅವಧಿ. 'ಎಂಡ್' ಎಂಬಂಥ ಕೆಲವೇ ಆದೇಶಗಳು ಅಕರ್ಮಕ. ಅವಕ್ಕೆ ಆಪರೆಂಡ್ ಇಲ್ಲ.

ವಿಭಕ್ತಿ ತಪ್ಪಿದರೆ ಕನ್ನಡದ ಕಿವಿ ಕೂಡಲೇ ಗುರುತಿಸುತ್ತದೆ. ಯಂತ್ರಕ್ಕೆ ಆ ಕಿವಿ ಇರುವುದು ಅರ್ಧ ಮಾತ್ರ. ಕೆಲವು ತಪ್ಪುಗಳನ್ನು ಪ್ರೋಗ್ರಾಂ ಬರೆಯುವ ತಂತ್ರಾಂಶವೇ ತಡೆಯುತ್ತದೆ. ಉದಾಹರಣೆಗೆ, ಗಮ್ಯದ ಜಾಗದಲ್ಲಿ 25 ಎಂಬ ಸ್ಥಿರ ಸಂಖ್ಯೆಯನ್ನು ಯಾರೂ ಬರೆಯಲಾಗದು. ಫಲಿತಾಂಶವನ್ನು ಇಡಲು ಜಾಗ ಬೇಕೇ ಹೊರತು ಸಂಖ್ಯೆಯಲ್ಲ. ಅಲೆನ್ ಬ್ರಾಡ್ಲಿ ಕಂಪನಿಯ ಎಸ್‌ಎಲ್‌ಸಿ 500 ಮಾದರಿಯಲ್ಲಿ ಇನ್ನೊಂದು ಕಟ್ಟಳೆಯಿದೆ. ಎರಡು ಬೆಲೆಗಳನ್ನು ಹೋಲಿಸುವ ಆದೇಶದಲ್ಲಿ ಮೊದಲನೆಯದು ವಿಳಾಸವೇ ಆಗಿರಬೇಕು. ಎರಡನೆಯದು ವಿಳಾಸವಾದರೂ ಆಗಬಹುದು, ಸ್ಥಿರ ಸಂಖ್ಯೆಯಾದರೂ ಆಗಬಹುದು. 'ಉಷ್ಣಾಂಶ 80ಕ್ಕಿಂತ ಹೆಚ್ಚೇ' ಎಂದು ಕೇಳಬಹುದು, '80 ಉಷ್ಣಾಂಶಕ್ಕಿಂತ ಕಡಿಮೆಯೇ' ಎಂದು ತಿರುಗಿಸಿ ಕೇಳುವಂತಿಲ್ಲ. ಇಂಥವು ತೊಂದರೆ ಕೊಡುವುದಿಲ್ಲ. ಪರದೆಯ ಮೇಲೆ ಕೆಂಪು ಗುರುತು ಬೀಳುತ್ತದೆ, ತಿದ್ದಲಾಗುತ್ತದೆ. ತಂತ್ರಾಂಶ ಮರುಮಾತಿಲ್ಲದೆ ಒಪ್ಪಿಕೊಂಡು, ಯಂತ್ರ ಓಡಲಾರಂಭಿಸಿದ ಮೇಲೆ ಹೊರಬೀಳುವ ತಪ್ಪುಗಳೇ ಕಾಡುವಂಥವು.

ಏಣಿಯ ಮೆಟ್ಟಿಲುಗಳು

ಪಿಎಲ್‌ಸಿಯ ಹುಟ್ಟಿನಲ್ಲಿಯೇ ಈ ಸಮಸ್ಯೆಯ ಬೇರು ಇದೆ. 1968ರ ಹೊತ್ತಿಗೆ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗ, ಕಾರಿನ ಹೊಸ ಮಾದರಿ ಬಂದಾಗಲೆಲ್ಲ ರಿಲೇಗಳ ತಂತಿಗಳನ್ನು ಕಿತ್ತು ಮತ್ತೆ ಜೋಡಿಸುವ ಕಷ್ಟದಿಂದ ಬೇಸತ್ತಿತ್ತು. ಮೆಸಾಚುಸೆಟ್ಸ್ ರಾಜ್ಯದ ಬೆಡ್‌ಫರ್ಡ್ ಅಸೋಸಿಯೇಟ್ಸ್‌ನಲ್ಲಿ ಡಿಕ್ ಮೋರ್ಲೆ ಮತ್ತು ಸಂಗಡಿಗರು ರೂಪಿಸಿದ 'ಮೋಡಿಕಾನ್ 084' ಇದಕ್ಕೆ ಉತ್ತರವಾಯಿತು. ಆ ಸಂಸ್ಥೆಯ 84ನೆಯ ಯೋಜನೆಯಾದ್ದರಿಂದ ಆ ಹೆಸರು. ರಿಲೇ ನಕ್ಷೆಗಳನ್ನು ಓದಿ ಬೆಳೆದ ಎಲೆಕ್ಟ್ರಿಷಿಯನ್ನರಿಗೆ ಕಂಪ್ಯೂಟರ್ ಭಾಷೆ ಕಲಿಸುವ ಬದಲು, ಅವರ ನಕ್ಷೆಯನ್ನೇ ಭಾಷೆಯಾಗಿಸಲಾಯಿತು. ಎರಡು ಉದ್ದ ಗೆರೆಗಳ ನಡುವೆ ಅಡ್ಡ ಮೆಟ್ಟಿಲುಗಳು. ಎಡಕ್ಕೆ ಕಾಂಟ್ಯಾಕ್ಟುಗಳು, ಬಲತುದಿಗೆ ಕಾಯಿಲ್. ಏಣಿಯಂತೆ ಕಾಣುವ ಇದಕ್ಕೆ ಲ್ಯಾಡರ್ ಎಂದೇ ಹೆಸರಾಯಿತು.

ಈ ಉಪಾಯ ಗೆದ್ದಿತು, ಆದರೆ ಒಂದು ಭ್ರಮೆಯನ್ನೂ ಉಳಿಸಿಹೋಯಿತು. ನಕ್ಷೆಯಲ್ಲಿ ಕಾಣುವ ಕಾಯಿಲ್ ತಂತಿ ಸುತ್ತಿದ ನಿಜವಾದ ಕಾಯಿಲ್ ಅಲ್ಲ, ಮೆಮೊರಿಯಲ್ಲಿನ ಒಂದು ಬಿಟ್. ಪಿಎಲ್‌ಸಿ ಮೊದಲು ಎಲ್ಲ ಇನ್‌ಪುಟ್‌ಗಳ ಸ್ಥಿತಿಯನ್ನು ಓದಿ ಮೆಮೊರಿಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಬಳಿಕ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬಿಡಿಸುತ್ತದೆ. ಕೊನೆಗೆ ಔಟ್‌ಪುಟ್‌ಗಳ ಪ್ರತಿಯನ್ನು ಹೊರಗಿನ ತಂತಿಗಳಿಗೆ ಕಳಿಸುತ್ತದೆ. ಸ್ಕ್ಯಾನ್ ಎನ್ನಲಾಗುವ ಈ ಸುತ್ತು ಸಾಮಾನ್ಯವಾಗಿ ಕೆಲವು ಮಿಲಿಸೆಕೆಂಡುಗಳಲ್ಲಿ ಮುಗಿದು ಮತ್ತೆ ಮೊದಲಾಗುತ್ತದೆ.

ಒಂದು ಔಟ್‌ಪುಟ್ ವಿಳಾಸವನ್ನು ಒಂದೇ ಕಾಯಿಲ್‌ಗೆ ಆಪರೆಂಡ್ ಆಗಿ ಕೊಡಬೇಕೆಂಬ ನಿಯಮ ಬಂದಿರುವುದು ಇದರಿಂದಲೇ. ಒಂದು ಮೋಟಾರಿನ ಔಟ್‌ಪುಟ್ ವೈ0 ಎಂದಿಟ್ಟುಕೊಳ್ಳೋಣ. ಐದನೆಯ ಮೆಟ್ಟಿಲಿನಲ್ಲಿ 'ಸ್ವಯಂಚಾಲಿತ ಕ್ರಮದಲ್ಲಿದ್ದರೆ, ಕಾವಲು ಬಾಗಿಲು ಮುಚ್ಚಿದ್ದರೆ ವೈ0' ಎಂದು ಬರೆದಿದೆ. ಆರು ತಿಂಗಳ ನಂತರ ಮತ್ತೊಬ್ಬರು ಬಂದು ನಲವತ್ತನೆಯ ಮೆಟ್ಟಿಲಿನಲ್ಲಿ 'ಕೈಚಾಲಿತ ಗುಂಡಿ ಒತ್ತಿದರೆ ವೈ0' ಎಂದು ಸೇರಿಸುತ್ತಾರೆ. ಸ್ಕ್ಯಾನ್‌ನಲ್ಲಿ ಕೊನೆಗೆ ಬರೆದವನ ಮಾತೇ ಉಳಿಯುತ್ತದೆ. ಪರಿಣಾಮವಾಗಿ, ಸ್ವಯಂಚಾಲಿತ ಕ್ರಮದಲ್ಲಿ ಐದನೆಯ ಮೆಟ್ಟಿಲು ಪರದೆಯ ಮೇಲೆ ಹಸಿರಾಗಿ ಬೆಳಗುತ್ತಿರುತ್ತದೆ, ಮೋಟಾರು ಮಾತ್ರ ಅಲುಗುವುದಿಲ್ಲ. ಅಷ್ಟೇ ಆಗಿದ್ದರೆ ಉತ್ಪಾದನೆಯ ನಷ್ಟವೆಂದು ಸುಮ್ಮನಾಗಬಹುದಿತ್ತು. ಕಾವಲು ಬಾಗಿಲು ತೆರೆದಿರುವಾಗ ಯಾರಾದರೂ ಕೈಚಾಲಿತ ಗುಂಡಿ ಒತ್ತಿದರೆ, ಐದನೆಯ ಮೆಟ್ಟಿಲಿನ 'ಬೇಡ' ಎಂಬ ಮಾತನ್ನು ನಲವತ್ತನೆಯ ಮೆಟ್ಟಿಲು ಅಳಿಸಿಹಾಕಿ ಮೋಟಾರು ತಿರುಗಿಬಿಡುತ್ತದೆ. ಒಳಗೆ ಒಬ್ಬನ ಕೈ ಇರಬಹುದು.

ಹಲವು ತಂತ್ರಾಂಶಗಳು ಇದನ್ನು 'ಡಬಲ್ ಕಾಯಿಲ್' ಎಂಬ ಎಚ್ಚರಿಕೆಯಾಗಿ ತೋರಿಸುತ್ತವೆ. ಎಚ್ಚರಿಕೆಯೇ ಹೊರತು ನಿಷೇಧವಲ್ಲ. ಸರಿಯಾದ ರೀತಿ ಎಂದರೆ ಎರಡು ಕಡೆಯೂ ಎರಡು ಬೇರೆ ಆಂತರಿಕ ಬಿಟ್‌ಗಳಿಗೆ ಬರೆದು, ಕೊನೆಯಲ್ಲಿ ಒಂದೇ ಮೆಟ್ಟಿಲಿನಲ್ಲಿ ಅವೆರಡನ್ನೂ ಕೂಡಿಸಿ, ಕಾವಲು ಬಾಗಿಲಿನ ಕಾಂಟ್ಯಾಕ್ಟನ್ನು ಅಲ್ಲಿಯೇ ಇರಿಸುವುದು. ಬಾಗಿಲಿನ ರಕ್ಷಣೆಯನ್ನು ಪ್ರೋಗ್ರಾಮಿಗಷ್ಟೇ ಬಿಡದೆ ಪ್ರತ್ಯೇಕ ಸೇಫ್ಟಿ ರಿಲೇಗೂ ತಂತಿ ಎಳೆಯುವುದು ಬೇರೆ ಮಾತು; ಹಳೆಯ ಯಂತ್ರಗಳೆಲ್ಲದರಲ್ಲಿಯೂ ಅದು ಇರುತ್ತದೆಂಬ ಭರವಸೆ ಇಟ್ಟುಕೊಳ್ಳುವಂತಿಲ್ಲ.

ಇನ್‌ಪುಟ್ ಆಪರೆಂಡ್‌ಗಳಲ್ಲಿಯೂ ಹೆಸರಿನಿಂದ ಮೋಸ ಹೋಗುವ ಸಂದರ್ಭವಿದೆ. 'ಸ್ಟಾಪ್' ಗುಂಡಿಯನ್ನು ಸದಾ ಮುಚ್ಚಿದ ಕಾಂಟ್ಯಾಕ್ಟಿನ ಮೂಲಕ ಜೋಡಿಸುವುದು ಸಂಪ್ರದಾಯ. ಯಾರೂ ಒತ್ತದಿರುವಾಗ ಆ ಬಿಟ್ 1, ಒತ್ತಿದಾಗ 0. ತಂತಿ ತುಂಡಾದರೂ 0 ಆಗಿ ಯಂತ್ರ ನಿಲ್ಲಲಿ ಎಂಬುದು ಇದರ ಹಿಂದಿನ ವಿವೇಕ. ಆದರೆ 'ಸ್ಟಾಪ್' ಎಂಬ ಹೆಸರನ್ನು ಓದಿದ ಹೊಸಬ, 1 ಎಂದರೆ ನಿಲ್ಲಿಸು ಎಂದೇ ಭಾವಿಸುತ್ತಾನೆ. ಅನುಭವಿಗಳು ಅದಕ್ಕೇ ಆ ಬಿಟ್‌ಗೆ 'ಸ್ಟಾಪ್ ಸರಿಯಿದೆ' ಎಂಬರ್ಥದ ಹೆಸರಿಡುತ್ತಾರೆ.

ಒಂದೇ ಗೋಡೆ, ಎರಡು ಮನೆ

ವಿಳಾಸಗಳ ಎಣಿಕೆಯೂ ಎಲ್ಲೆಡೆ ಒಂದೇ ಅಲ್ಲ. ಮಿತ್ಸುಬಿಷಿಯ ಎಫ್‌ಎಕ್ಸ್ ಸರಣಿಯಲ್ಲಿ ಇನ್‌ಪುಟ್‌ಗಳು ಎಕ್ಸ್0ರಿಂದ ಎಕ್ಸ್7ರವರೆಗೆ ಸಾಗಿ ನೇರವಾಗಿ ಎಕ್ಸ್10ಕ್ಕೆ ಜಿಗಿಯುತ್ತವೆ. ಎಂಟರ ಎಣಿಕೆಯಾದ್ದರಿಂದ ಎಕ್ಸ್8, ಎಕ್ಸ್9 ಎಂಬವು ಇಲ್ಲವೇ ಇಲ್ಲ. ಸೀಮೆನ್ಸ್‌ನಲ್ಲಿ ಐ0.7ರ ಮುಂದಿನದು ಐ1.0. ಚುಕ್ಕೆಯನ್ನು ದಶಮಾಂಶವೆಂದು ತಿಳಿದವರಿಗೆ ಇದು ಒಗಟು. ಅದು ಬೈಟ್ ಸಂಖ್ಯೆಯನ್ನೂ ಬೈಟಿನೊಳಗಿನ ಬಿಟ್ ಸಂಖ್ಯೆಯನ್ನೂ ಬೇರ್ಪಡಿಸುವ ಗುರುತಷ್ಟೇ. ಇದು ಒಂದು ವಾರದಲ್ಲಿ ರೂಢಿಯಾಗುತ್ತದೆ.

ವರ್ಷಗಟ್ಟಲೆ ಕೆಲಸ ಮಾಡಿದವರನ್ನೂ ಬೀಳಿಸುವುದು ವಿಳಾಸಗಳ ಅತಿಕ್ರಮಣ. ಸೀಮೆನ್ಸ್‌ನ ಎಸ್7-300ರಂಥ ಮಾದರಿಗಳಲ್ಲಿ ಮೆಮೊರಿಯನ್ನು ಎಣಿಸುವುದು ಬೈಟ್‌ಗಳಲ್ಲಿ. 16 ಬಿಟ್‌ಗಳ ಒಂದು ವರ್ಡ್ ಎರಡು ಬೈಟ್‌ಗಳನ್ನು ಆಕ್ರಮಿಸುತ್ತದೆ. ಎಂಡಬ್ಲ್ಯು10 ಎಂದರೆ 10 ಮತ್ತು 11ನೆಯ ಬೈಟ್‌ಗಳು. ಎಂಡಬ್ಲ್ಯು11 ಎಂದರೆ 11 ಮತ್ತು 12ನೆಯವು. ಹೆಸರುಗಳು ಬೇರೆ ಬೇರೆ, ಆದರೆ 11ನೆಯ ಬೈಟ್ ಎರಡಕ್ಕೂ ಸೇರಿದ್ದು.

ಎಂಡಬ್ಲ್ಯು10ರಲ್ಲಿ 300 ಎಂಬ ಬೆಲೆಯನ್ನು ಇಟ್ಟರೆ, 10ನೆಯ ಬೈಟಿನಲ್ಲಿ 1, 11ನೆಯದರಲ್ಲಿ 44 ಕೂರುತ್ತವೆ. 256 ಕೂಡಿಸು 44, ಒಟ್ಟು 300. ಈಗ ಪ್ರೋಗ್ರಾಮಿನ ಮತ್ತೊಂದು ಮೂಲೆಯಲ್ಲಿ ಎಂಡಬ್ಲ್ಯು11ಕ್ಕೆ 5 ಎಂದು ಬರೆದರೆ, 11ನೆಯ ಬೈಟ್ 0 ಆಗಿ 12ನೆಯದರಲ್ಲಿ 5 ಕೂರುತ್ತದೆ. ಯಾರೂ ಮುಟ್ಟದ ಎಂಡಬ್ಲ್ಯು10 ತನ್ನಷ್ಟಕ್ಕೆ 256ಕ್ಕೆ ಇಳಿದಿರುತ್ತದೆ. ಕುಲುಮೆಯ ನಿಗದಿತ ಉಷ್ಣಾಂಶವೋ ಸಿಲಿಂಡರಿನ ಒತ್ತಡದ ಮಿತಿಯೋ ಅಲ್ಲಿದ್ದರೆ, ಅದು ಏಕೆ ಬದಲಾಯಿತೆಂದು ಆ ವಿಳಾಸವನ್ನಷ್ಟೇ ಹುಡುಕುವವನಿಗೆ ಕಾರಣ ಸಿಗುವುದಿಲ್ಲ. ವರ್ಡ್‌ಗಳಿಗೆ ಸಮಸಂಖ್ಯೆಗಳನ್ನೇ, ಡಬಲ್ ವರ್ಡ್‌ಗಳಿಗೆ ನಾಲ್ಕರಿಂದ ಭಾಗವಾಗುವ ಸಂಖ್ಯೆಗಳನ್ನೇ ಬಳಸಬೇಕೆಂಬ ರೂಢಿ ಹುಟ್ಟಿದ್ದು ಈ ಕಾರಣಕ್ಕೆ. ಇದನ್ನು ಯಂತ್ರ ಕೇಳುವುದಿಲ್ಲ, ಬರೆಯುವವರು ತಾವೇ ಹಾಕಿಕೊಂಡ ಶಿಸ್ತು.

ಮಿತ್ಸುಬಿಷಿಯಲ್ಲಿ ಪ್ರತಿ ಡಿ ರಿಜಿಸ್ಟರೂ 16 ಬಿಟ್‌ಗಳದ್ದಾದ್ದರಿಂದ ಈ ಗೊಂದಲ ಇಲ್ಲವೆಂದು ಕೆಲವರು ಹೆಮ್ಮೆಪಡುವುದುಂಟು. ಅಲ್ಲಿ ಬೇರೆಯದೇ ಗುಂಡಿಯಿದೆ. ಗುಣಾಕಾರದ ಆದೇಶಕ್ಕೆ ಡಿ0, ಡಿ2, ಡಿ4 ಎಂಬ ಮೂರು ಆಪರೆಂಡ್‌ಗಳನ್ನು ಕೊಟ್ಟರೆ, 32 ಬಿಟ್‌ಗಳ ಗುಣಲಬ್ಧ ಡಿ4ರಲ್ಲಷ್ಟೇ ಅಲ್ಲದೆ ಡಿ5ರಲ್ಲಿಯೂ ಹರಡಿಕೊಳ್ಳುತ್ತದೆ. ಭಾಗಾಕಾರವಾದರೆ ಭಾಗಲಬ್ಧ ಡಿ4ಕ್ಕೆ, ಶೇಷ ಡಿ5ಕ್ಕೆ. ಆದೇಶದಲ್ಲಿ ಡಿ5ರ ಹೆಸರೇ ಇಲ್ಲ. ಹೇಳದೆಯೇ ಬಂದು ಕೂರುವ ಈ ನಾಲ್ಕನೆಯ ಆಪರೆಂಡ್ ಅಲ್ಲಿದ್ದ ಬೆಲೆಯನ್ನು ಅಳಿಸಿಹಾಕುತ್ತದೆ.

ಅದೇ ಎಫ್‌ಎಕ್ಸ್ ಸರಣಿಯ ಟೈಮರ್‌ಗಳಲ್ಲಿ ಸಂಖ್ಯೆಯೇ ಅರ್ಥವನ್ನು ಬದಲಿಸುತ್ತದೆ. ಟಿ0ಯಿಂದ ಟಿ199ರವರೆಗಿನ ಟೈಮರ್‌ಗಳು 100 ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಎಣಿಸುತ್ತವೆ. ಟಿ200ರಿಂದ ಟಿ245ರವರೆಗಿನವು 10 ಮಿಲಿಸೆಕೆಂಡುಗಳ ಲೆಕ್ಕದಲ್ಲಿ. ಟಿ0ಗೆ ಕೆ50 ಎಂದು ಕೊಟ್ಟರೆ 5 ಸೆಕೆಂಡು. ಖಾಲಿ ಟೈಮರ್ ಹುಡುಕುತ್ತ ಅದನ್ನು ಟಿ200ಕ್ಕೆ ಬದಲಿಸಿ ಕೆ50 ಅನ್ನು ಹಾಗೆಯೇ ಬಿಟ್ಟರೆ ಅರ್ಧ ಸೆಕೆಂಡು. ಐದು ಸೆಕೆಂಡು ಒತ್ತಿ ಹಿಡಿಯಬೇಕಾದ ಕ್ಲಾಂಪ್ ಅರ್ಧ ಸೆಕೆಂಡಿಗೆ ಬಿಟ್ಟುಬಿಡುತ್ತದೆ.

ವಿದ್ಯುತ್ ಕಡಿತಕ್ಕೆ ಹೊಂದಿಕೊಂಡ ನಮ್ಮ ಕಾರ್ಖಾನೆಗಳಿಗೆ ಇನ್ನೊಂದು ವಿಷಯ ಮುಖ್ಯ. ಎಫ್‌ಎಕ್ಸ್2ಎನ್ ಮಾದರಿಯಲ್ಲಿ, ಹೊಂದಾಣಿಕೆಯನ್ನು ಯಾರೂ ಬದಲಿಸದಿದ್ದರೆ, ಎಂ0ಯಿಂದ ಎಂ499ರವರೆಗಿನ ಬಿಟ್‌ಗಳು ಕರೆಂಟು ಹೋದೊಡನೆ ಅಳಿಯುತ್ತವೆ. ಎಂ500ರಿಂದ ಮುಂದಿನವು ಬ್ಯಾಟರಿಯ ಬಲದಿಂದ ಉಳಿಯುತ್ತವೆ. ರಿಜಿಸ್ಟರುಗಳಲ್ಲಿ ಈ ಗಡಿ ಡಿ200. ದಿನದ ಉತ್ಪಾದನೆಯ ಎಣಿಕೆಯನ್ನು ಡಿ100ರಲ್ಲಿ ಇಟ್ಟವನಿಗೆ ಕರೆಂಟು ಮರಳಿದಾಗ ಸೊನ್ನೆ ಸಿಗುತ್ತದೆ. ಇದಕ್ಕಿಂತ ಅಪಾಯದ್ದು ಇದರ ವಿರುದ್ಧ ದಿಕ್ಕಿನ ತಪ್ಪು. 'ಮೋಟಾರು ಓಡಲಿ' ಎಂಬ ಬಿಟ್ಟನ್ನು ಎಂ500ರಲ್ಲಿ ಸೆಟ್ ಮಾಡಿಟ್ಟರೆ, ಕರೆಂಟು ಹೋದದ್ದರಿಂದ ಬೆಲ್ಟಿನ ಕೆಳಗೆ ಕೈಹಾಕಿ ಸಿಕ್ಕಿಬಿದ್ದ ಚೂರು ತೆಗೆಯುತ್ತಿರುವ ಕಾರ್ಮಿಕನ ಎದುರಿಗೆ, ಕರೆಂಟು ಬಂದೊಡನೆ ಯಾರೂ ಗುಂಡಿ ಒತ್ತದೆ ಮೋಟಾರು ಹೊರಡುತ್ತದೆ.

ಅಳತೆ ಮೀರಿದ ಪಾತ್ರೆ

ವಿಳಾಸ ಸರಿಯಿದ್ದರೂ ಅಲ್ಲಿರುವ ಪಾತ್ರೆಯ ಗಾತ್ರ ಸಾಕಾಗದಿರಬಹುದು. ಚಿಹ್ನೆ ಸಹಿತವಾದ 16 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಸುವುದು -32,768ರಿಂದ 32,767ರವರೆಗಿನ ಬೆಲೆಗಳು ಮಾತ್ರ. ತೊಟ್ಟಿಯ ನೀರಿನ ಮಟ್ಟವನ್ನು ಅಳೆಯುವ ಸೆನ್ಸರ್ ಕಳಿಸುವ 4ರಿಂದ 20 ಮಿಲಿ ಆಂಪಿಯರ್ ಸಂಕೇತವನ್ನು ಸೀಮೆನ್ಸ್‌ನ ಅನಲಾಗ್ ಮಾಡ್ಯೂಲು 0ಯಿಂದ 27,648ರ ನಡುವಿನ ಸಂಖ್ಯೆಯಾಗಿ ಕೊಡುತ್ತದೆ. ಇದನ್ನು ಶೇಕಡಾವಾರಿಗೆ ತರಲು 100ರಿಂದ ಗುಣಿಸಿ 27,648ರಿಂದ ಭಾಗಿಸಬೇಕು. ಗಣಿತದ ದೃಷ್ಟಿಯಲ್ಲಿ ಇದರಲ್ಲಿ ಯಾವ ದೋಷವೂ ಇಲ್ಲ.

ತೊಟ್ಟಿ ಸರಿಯಾಗಿ ಅರ್ಧ ತುಂಬಿದಾಗ ಬರುವ ಸಂಖ್ಯೆ 13,824. ನೂರರಿಂದ ಗುಣಿಸಿದರೆ 13,82,400. ಈ ಸಂಖ್ಯೆ 16 ಬಿಟ್‌ಗಳಲ್ಲಿ ಹಿಡಿಸುವುದಿಲ್ಲ. ಹೆಚ್ಚಾದ ಬಿಟ್‌ಗಳನ್ನು ಕಳಚಿಹಾಕುವ ನಿಯಂತ್ರಕದಲ್ಲಿ ಉಳಿಯುವುದು 6,144. ಅದನ್ನು 27,648ರಿಂದ ಪೂರ್ಣಾಂಕವಾಗಿ ಭಾಗಿಸಿದರೆ ಉತ್ತರ ಸೊನ್ನೆ. ಅರ್ಧ ತುಂಬಿದ ತೊಟ್ಟಿ ಖಾಲಿಯಿದೆ ಎಂದು ಪರದೆ ತೋರಿಸುತ್ತದೆ, ಪಂಪು ಓಡುತ್ತಲೇ ಇರುತ್ತದೆ. ಗುಣಲಬ್ಧ ಉಕ್ಕದೆ ಉಳಿಯುವುದು ಮೂಲಸಂಖ್ಯೆ 327 ದಾಟುವವರೆಗೆ ಮಾತ್ರ, ಅಂದರೆ ತೊಟ್ಟಿ ಶೇಕಡಾ ಒಂದರ ಆಸುಪಾಸಿನಲ್ಲಿರುವಾಗ. ಮೊದಲು ಭಾಗಿಸಿ ಆಮೇಲೆ ಗುಣಿಸಿದರಾಯಿತು ಎಂದುಕೊಂಡರೆ ಅಲ್ಲಿಯೂ ಸೊನ್ನೆಯೇ ಕಾದಿದೆ. ತೊಟ್ಟಿ ಪೂರ್ತಿ ತುಂಬುವವರೆಗೂ ಪೂರ್ಣಾಂಕ ಭಾಗಾಕಾರ ಕೊಡುವುದು ಸೊನ್ನೆಯನ್ನೇ. ಆಪರೆಂಡ್‌ಗಳನ್ನು 32 ಬಿಟ್‌ಗಳ ಪೂರ್ಣಾಂಕಕ್ಕೋ ದಶಮಾಂಶ ಸಂಖ್ಯೆಗೋ ಪರಿವರ್ತಿಸಿಕೊಂಡ ಮೇಲೆಯೇ ಲೆಕ್ಕ ಹಾಕಬೇಕು.

ಉಕ್ಕಿ ಹರಿದಾಗ ಏನಾಗುತ್ತದೆಂಬುದೂ ಕಂಪನಿಯಿಂದ ಕಂಪನಿಗೆ ಬೇರೆ. ಸೀಮೆನ್ಸ್‌ನ ಲ್ಯಾಡರಿನಲ್ಲಿ ಆ ಆದೇಶದಿಂದ ಹೊರಡುವ 'ಇಎನ್‌ಒ' ಎಂಬ ಸಂಕೇತ 0 ಆಗುತ್ತದೆ. ಅದನ್ನು ಯಾರಾದರೂ ಪರೀಕ್ಷಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಸ್‌ಎಲ್‌ಸಿ 500ರಲ್ಲಿ ಎಸ್:5/0 ಎಂಬ ಬಿಟ್ ಎದ್ದು ನಿಲ್ಲುತ್ತದೆ. ಸ್ಕ್ಯಾನ್ ಮುಗಿಯುವುದರೊಳಗೆ ಪ್ರೋಗ್ರಾಂ ಅದನ್ನು ಇಳಿಸದಿದ್ದರೆ ನಿಯಂತ್ರಕವೇ ದೋಷ ಸಾರಿ ನಿಂತುಬಿಡುತ್ತದೆ. ನಡುರಾತ್ರಿ ಇಡೀ ಲೈನ್ ನಿಂತಾಗ ಇದು ಕ್ರೂರವೆನಿಸಬಹುದು. ಆದರೆ ಸುಳ್ಳು ಸಂಖ್ಯೆಯನ್ನು ನಂಬಿ ಓಡುವ ಯಂತ್ರಕ್ಕಿಂತ ನಿಂತ ಯಂತ್ರವೇ ಮೇಲು.

ಇದೇ ಬಗೆಯ ತಪ್ಪಿಗೆ ಪಿಎಲ್‌ಸಿ ಲೋಕದ ಹೊರಗೆ ತೆತ್ತ ಬೆಲೆ ಚರಿತ್ರೆಯಲ್ಲಿ ದಾಖಲಾಗಿದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರು ನೆಲೆಯಿಂದ ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಯಾನಕ್ಕೆ ಹೊರಟಿತು. ಸುಮಾರು 37 ಸೆಕೆಂಡುಗಳಾಗುವಷ್ಟರಲ್ಲಿ ಅದರ ಪಥದರ್ಶಕ ವ್ಯವಸ್ಥೆ 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸಲು ಹೋಗಿ ವಿಫಲವಾಯಿತು. ನಿಧಾನವಾಗಿ ಏರುತ್ತಿದ್ದ ಏರಿಯಾನ್ 4ರಲ್ಲಿ ಆ ಬೆಲೆ ಎಂದೂ ಮಿತಿ ದಾಟುತ್ತಿರಲಿಲ್ಲ. ಅದೇ ತಂತ್ರಾಂಶವನ್ನು ಹೊಸ ರಾಕೆಟ್ಟಿಗೂ ಬಳಸಲಾಗಿತ್ತು. ಬದಲಿ ಘಟಕವೂ ಅದೇ ತಂತ್ರಾಂಶವನ್ನು ಹೊತ್ತಿದ್ದರಿಂದ ಅದೂ ಅದೇ ಕಾರಣಕ್ಕೆ ಕೈಕೊಟ್ಟಿತು. ರಾಕೆಟ್ ಪಥ ತಪ್ಪಿ ಆಕಾಶದಲ್ಲೇ ಛಿದ್ರವಾಯಿತು. ವೈಫಲ್ಯಕ್ಕೆ ಕಾರಣವಾದ ಆ ಲೆಕ್ಕದಿಂದ, ರಾಕೆಟ್ ನೆಲಬಿಟ್ಟ ಮೇಲೆ ಯಾವ ಪ್ರಯೋಜನವೂ ಇರಲಿಲ್ಲವೆಂಬುದು ನೋವಿನ ಸಂಗತಿ.

ಹಾಗಾದರೆ ಎಲ್ಲವನ್ನೂ ದಶಮಾಂಶ ಸಂಖ್ಯೆಗಳಲ್ಲಿಯೇ ಇಟ್ಟರೆ? ಪಿಎಲ್‌ಸಿಗಳಲ್ಲಿ 'ರಿಯಲ್' ಎಂದು ಕರೆಯಲಾಗುವ 32 ಬಿಟ್‌ಗಳ ಈ ಪಾತ್ರೆ ಬಹು ದೊಡ್ಡ ಸಂಖ್ಯೆಗಳನ್ನು ಹಿಡಿಯುತ್ತದೆ ನಿಜ, ಆದರೆ ನಿಖರತೆಗೆ ಮಿತಿಯಿದೆ. ಹರಿದ ನೀರಿನ ಒಟ್ಟು ಲೆಕ್ಕವನ್ನು ರಿಯಲ್ ಒಂದರಲ್ಲಿ ಇಟ್ಟು, ಪ್ರತಿ ಬಾರಿ 0.2 ಘನ ಮೀಟರ್ ಸೇರಿಸುತ್ತ ಹೋದರೆ ಮೊದಲಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒಟ್ಟು 20,97,152 ದಾಟಿದ ಮೇಲೆ ಆ ಪಾತ್ರೆಯಲ್ಲಿ ಎರಡು ನೆರೆಯ ಸಂಖ್ಯೆಗಳ ನಡುವಿನ ಅಂತರವೇ 0.25. ಆದ್ದರಿಂದ 0.2 ಸೇರಿಸಿದಾಗಲೆಲ್ಲ 0.25 ಸೇರುತ್ತದೆ, ಲೆಕ್ಕ ಕಾಲುಭಾಗ ಹೆಚ್ಚು ಓಡುತ್ತದೆ. 41,94,304 ಮುಟ್ಟಿದಾಗ ಅಂತರ 0.5 ಆಗಿ, 0.2 ಸೇರಿಸಿದರೂ ಸಂಖ್ಯೆ ಕದಲುವುದೇ ಇಲ್ಲ. ನೀರು ಹರಿಯುತ್ತಿರುತ್ತದೆ, ಮೀಟರು ನಿಂತಿರುತ್ತದೆ. ಒಂದೊಂದಾಗಿ ಸೇರಿಸಿದರೂ 1,67,77,216ರಲ್ಲಿ ಎಣಿಕೆ ನಿಲ್ಲುತ್ತದೆ. ದೋಷದ ದೀಪ ಹತ್ತುವುದಿಲ್ಲ. ಬಿಲ್ಲಿನ ಜಗಳವಾದಾಗ ಮಾತ್ರ ವಿಷಯ ಹೊರಬರುತ್ತದೆ. ಸಣ್ಣ ಮೊತ್ತವನ್ನು ರಿಯಲ್‌ನಲ್ಲಿ ಕೂಡಿಸಿ, ಅದು ಪೂರ್ಣಾಂಕವಾದಾಗಲೆಲ್ಲ 32 ಬಿಟ್‌ಗಳ ಪೂರ್ಣಾಂಕದ ಖಾತೆಗೆ ವರ್ಗಾಯಿಸುವುದು ಬಲ್ಲವರ ದಾರಿ.

ಬೆಲೆ ಪಾತ್ರೆಯಲ್ಲಿ ಹಿಡಿಸಿದರೂ ಯಂತ್ರಕ್ಕೆ ಒಗ್ಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಇರಾನಿನ ನತಾಂಜ್ ಅಣುಕೇಂದ್ರದ ಸೀಮೆನ್ಸ್ ಪಿಎಲ್‌ಸಿಗಳೊಳಗೆ ಸೇರಿ ಮಾಡಿದ ಕೆಲಸವನ್ನು ಒಂದು ಸಾಲಿನಲ್ಲಿ ಹೇಳಬಹುದು: ಮೋಟಾರುಗಳ ವೇಗವನ್ನು ಹಿಡಿದಿಡುವ ಡ್ರೈವ್‌ಗಳಿಗೆ ಹೋಗಬೇಕಾದ ಆವರ್ತನದ ಬೆಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ 1,410, 2 ಮತ್ತು 1,064 ಹರ್ಟ್ಸ್‌ಗಳಿಗೆ ಬದಲಿಸಿತು. ಮೂರೂ ಆಪರೆಂಡ್ ಆಗಿ ಪೂರ್ತಿ ಕ್ರಮಬದ್ಧ ಸಂಖ್ಯೆಗಳು. ಅವನ್ನು ತಿರಸ್ಕರಿಸುವ ಯಾವ ಮಿತಿಯೂ ದಾರಿಯಲ್ಲಿ ಇರಲಿಲ್ಲ.

ಹೆಸರಿನಿಂದ ಕರೆಯುವ ಕಾಲ

ಕಂಪನಿಗೊಂದು ವಿಳಾಸಪದ್ಧತಿ ಎಂಬ ಗೊಂದಲಕ್ಕೆ ಕಡಿವಾಣ ಹಾಕಲು ಅಂತರರಾಷ್ಟ್ರೀಯ ಎಲೆಕ್ಟ್ರೊಟೆಕ್ನಿಕಲ್ ಆಯೋಗ 1993ರಲ್ಲಿ ಪಿಎಲ್‌ಸಿ ಭಾಷೆಗಳ ಮಾನದಂಡವನ್ನು ಪ್ರಕಟಿಸಿತು. ಇಂದು ಐಇಸಿ 61131-3 ಎಂದು ಪ್ರಸಿದ್ಧವಾಗಿರುವ ಅದರ ತಿರುಳು ಇಷ್ಟು: ಪ್ರತಿಯೊಂದು ಚಲಕಕ್ಕೂ ಹೆಸರು ಮತ್ತು ಬಗೆಯನ್ನು ಮೊದಲೇ ಘೋಷಿಸಬೇಕು. ಬೂಲ್ ಎಂದು ಘೋಷಿಸಿದ ಬಿಟ್ಟನ್ನು ಕೂಡುವ ಆದೇಶಕ್ಕೆ ಕೊಟ್ಟರೆ ತಂತ್ರಾಂಶ ಅಲ್ಲಿಯೇ ತಡೆಯುತ್ತದೆ. 2013ರ ಮೂರನೆಯ ಆವೃತ್ತಿ ಸಣ್ಣ ಪಾತ್ರೆಯಿಂದ ದೊಡ್ಡ ಪಾತ್ರೆಗೆ ತಾನಾಗಿಯೇ ಸುರಿಯಲು ಅವಕಾಶ ನೀಡಿತು. ದೊಡ್ಡದರಿಂದ ಸಣ್ಣದಕ್ಕೆ ಸುರಿಯಬೇಕಾದರೆ ಬರೆಯುವವನು ಬಾಯಿಬಿಟ್ಟು ಹೇಳಲೇಬೇಕು. ಏರಿಯಾನ್‌ನ ಪಾಠ ಇಲ್ಲಿ ನಿಯಮವಾಗಿದೆ.

ಈಗಿನ ನಿಯಂತ್ರಕಗಳಲ್ಲಿ ವಿಳಾಸಗಳ ಗೋಜೇ ಕಡಿಮೆ. ಅಲೆನ್ ಬ್ರಾಡ್ಲಿಯ ಕಂಟ್ರೋಲ್‌ಲಾಜಿಕ್ಸ್ ಸರಣಿ ಟ್ಯಾಗ್ ಎಂಬ ಹೆಸರುಗಳಿಂದಲೇ ನಡೆಯುತ್ತದೆ. 2009ರಲ್ಲಿ ಬಂದ ಸೀಮೆನ್ಸ್‌ನ ಎಸ್7-1200ರಲ್ಲಿ ಡೇಟಾ ಬ್ಲಾಕುಗಳನ್ನು ವಿಳಾಸವಿಲ್ಲದೆ, ಹೆಸರಿನಿಂದಷ್ಟೇ ಮುಟ್ಟುವ ವ್ಯವಸ್ಥೆಯಿದೆ. ಎಲ್ಲಿ ಇಡಬೇಕೆಂಬುದನ್ನು ತಂತ್ರಾಂಶವೇ ನಿರ್ಧರಿಸುವುದರಿಂದ ಒಂದರ ಮೇಲೊಂದು ಬೀಳುವ ಭಯ ಅಲ್ಲಿ ಇಲ್ಲ.

ಆದರೆ ಪಿಎಲ್‌ಸಿ ಎಂಬುದು ಎರಡು ವರ್ಷಕ್ಕೊಮ್ಮೆ ಬದಲಿಸುವ ಮೊಬೈಲ್ ಅಲ್ಲ. ಯಂತ್ರ ಓಡುವಷ್ಟು ಕಾಲ ಅದೂ ಇರುತ್ತದೆ. ಇಪ್ಪತ್ತು ವರ್ಷ ದಾಟಿದ ನಿಯಂತ್ರಕಗಳು ದಿನವೂ ಕೆಲಸಕ್ಕೆ ಏಳುತ್ತಿವೆ. ಅವುಗಳ ಪ್ರೋಗ್ರಾಮನ್ನು ಬರೆದವರು ಊರು ಬಿಟ್ಟಿರುತ್ತಾರೆ, ಟಿಪ್ಪಣಿಗಳು ಕಳೆದಿರುತ್ತವೆ, ಉಳಿದಿರುವುದು ಬರೀ ವಿಳಾಸಗಳು. ತರಬೇತಿ ಪುಸ್ತಕಗಳಲ್ಲಿ ಆದೇಶಕ್ಕೊಂದು ಅಧ್ಯಾಯವಿದ್ದು ಆಪರೆಂಡ್‌ಗಳಿಗೆ ಕೊನೆಯ ಪುಟಗಳಲ್ಲೊಂದು ಕೋಷ್ಟಕ ಮಾತ್ರ ಇರುವುದು ವಾಡಿಕೆ. ಹೊಸದಾಗಿ ಕೆಲಸಕ್ಕೆ ಸೇರಿದ ತಂತ್ರಜ್ಞನಿಗೆ ಮೊದಲ ದಿನ ಬೇಕಾಗುವುದು ಮಾತ್ರ ಆ ಕೋಷ್ಟಕವೇ.

ಹಳೆಯ ಪ್ರೋಗ್ರಾಮಿಗೆ ಒಂದೇ ಒಂದು ಮೆಟ್ಟಿಲು ಸೇರಿಸುವ ಮುನ್ನವೂ ಅನುಭವಿ ತಂತ್ರಜ್ಞರು 'ಕ್ರಾಸ್ ರೆಫರೆನ್ಸ್' ಎಂಬ ಪಟ್ಟಿಯನ್ನು ತೆರೆಯುತ್ತಾರೆ. ಯಾವ ವಿಳಾಸ ಎಲ್ಲೆಲ್ಲಿ ಓದಲ್ಪಟ್ಟಿದೆ, ಎಲ್ಲೆಲ್ಲಿ ಬರೆಯಲ್ಪಟ್ಟಿದೆ ಎಂಬುದು ಅಲ್ಲಿ ಸಿಗುತ್ತದೆ. ಖಾಲಿಯೆಂದು ಕಂಡ ವಿಳಾಸವನ್ನು ಆಮೇಲೆಯೇ ಆರಿಸಿಕೊಳ್ಳುತ್ತಾರೆ. ಆದರೆ ಆ ಪಟ್ಟಿಗೂ ಕಾಣದ ಒಂದು ಜಾಗವಿದೆ. ಡಿ0ಝಡ್0 ಎಂಬ ಆಪರೆಂಡ್ ಎಂದರೆ 'ಝಡ್0ಯಲ್ಲಿ ಎಷ್ಟಿದೆಯೋ ಅಷ್ಟು ಮುಂದಿನ ಡಿ' ಎಂದರ್ಥ. ಝಡ್0ಯಲ್ಲಿ 10 ಇದ್ದರೆ ಅದು ಡಿ10. 150 ಇದ್ದರೆ ಡಿ150. ಯಾವ ವಿಳಾಸಕ್ಕೆ ಬರೆಯಲಾಗುತ್ತಿದೆ ಎಂಬುದು ಯಂತ್ರ ಓಡುವಾಗಲಷ್ಟೇ ನಿರ್ಧಾರವಾಗುವುದರಿಂದ, ಪಟ್ಟಿಯಲ್ಲಿ ಡಿ150ರ ಎದುರು ಏನೂ ಇರುವುದಿಲ್ಲ. ಆದುದರಿಂದ ಅವರು ಪಟ್ಟಿಯನ್ನು ಮುಚ್ಚಿದ ಮೇಲೆ ಇನ್ನೊಮ್ಮೆ ಪ್ರೋಗ್ರಾಮಿನುದ್ದಕ್ಕೂ ಝಡ್ ಮತ್ತು ವಿ ಅಕ್ಷರಗಳನ್ನು ಹುಡುಕಿ, ಅವುಗಳ ಬೆಲೆ ಗರಿಷ್ಠ ಎಷ್ಟಕ್ಕೆ ಏರಬಲ್ಲದೆಂದು ಕಾಗದದ ಮೇಲೆ ಲೆಕ್ಕ ಹಾಕುತ್ತಾರೆ. ಹೊಸ ವಿಳಾಸವನ್ನು ಆ ಗಡಿಯಿಂದಾಚೆ ಇಡುತ್ತಾರೆ.